ಕಿವಿಗೆ ಹಿಡಿದ ರಬ್ಬರ್ ಕೊಳವೆ

ಇಟಲಿಯ ಬ್ರೆಷಾದ ನಮ್ಮ ಹಳೇ ಕಾರುಗಳ ಕೂಟದ ಇಲಾರಿಯೊ ಸತ್ತ ಮೇಲೆ ಅವನ ಕೆಂಪು ಸ್ಪೋರ್ಟ್ಸ್ ಕಾರನ್ನು ಅವನ ತಂಗಿ ನನಗೆ ಮಾರಿದಳು. ಅದು ನನ್ನ ಪಾಲಾದದ್ದು ಕೂಟದಲ್ಲಿ ಒಬ್ಬನಿಗೂ ಹಿಡಿಸಲಿಲ್ಲ. ಬದುಕಿದ್ದಾಗ ಅವನು ಆ ಕಾರನ್ನು ಯಾರಿಗೂ ಮುಟ್ಟಲು ಬಿಟ್ಟವನಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ, ಕೂಟದ ಮೆಕ್ಯಾನಿಕ್ ಎರ್ಮೆಸ್‌ನ ಗ್ಯಾರೇಜಿನ ಅಂಗಳದಲ್ಲಿ, ಎಂಜಿನ್ನಿಗೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಅದರ ಜೋಡಿ ಕಾರ್ಬುರೇಟರುಗಳನ್ನು ಹೊಂದಿಸಲು ನಿಂತೆ. ಇದಕ್ಕೆ ನಾವು ಮೀಟರು ಬಳಸುವುದಿಲ್ಲ. ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಎರಡರಲ್ಲೂ ಗಾಳಿ ಎಳೆಯುವ ಸದ್ದು ಒಂದೇ ಆಗುವವರೆಗೆ ತಿರುಪು ತಿರುಗಿಸಬೇಕು.

“ಸತ್ತವನ ಗಾಡಿ ನಿಂಗೆ ದಕ್ಕಲ್ಲ ಕಣೋ,” ಎಂದ ಎರ್ಮೆಸ್. ಸುತ್ತ ನಿಂತಿದ್ದ ಕೂಟದವರು ನಕ್ಕರು.

“ನಿಮ್ ಹೊಟ್ಟೆಕಿಚ್ಚು ನಂಗೊತ್ತಿಲ್ವಾ?” ಎಂದೆ.

ಎಂಜಿನ್ ಚಾಲು ಮಾಡಿ ಕೊಳವೆ ಹಿಡಿದೆ. ಮುಂದಿನ ಕಾರ್ಬುರೇಟರು ಒಂದೇ ಸಮ ಸುಯ್ಯೆನ್ನುತ್ತಿತ್ತು. ಹಿಂದಿನದು ಎಳೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಎಂಜಿನ್ ಆಫ್ ಮಾಡಿದೆ. ಮುಂದಿನದು ಸುಮ್ಮನಾಯಿತು. ಹಿಂದಿನದು ಸುಮ್ಮನಾಗಲಿಲ್ಲ. ಕೊಳವೆಯೊಳಗಿಂದ ಬೆಚ್ಚನೆ ಗಾಳಿ ಬಂದು ನನ್ನ ಕಿವಿಗೆ ತಾಗಿತು.

“ನೀನೇ ಕೇಳು,” ಎಂದು ಕೊಳವೆಯನ್ನು ಎರ್ಮೆಸ್‌ಗೆ ಕೊಟ್ಟೆ. ಕೇಳುತ್ತಿದ್ದಂತೆ ಅವನ ಮುಖ ಬಿಳಿಚಿಕೊಂಡಿತು. ನಟ್ಟು ಬಿಚ್ಚಿದ, ಆ ಕಾರ್ಬುರೇಟರನ್ನು ಕಿತ್ತು ಮೇಜಿನ ಮೇಲಿಟ್ಟು ಮತ್ತೆ ಕೊಳವೆ ಹಿಡಿದ. ಕಿತ್ತಿಟ್ಟ ಮೇಲೂ ಅದು ಗಾಳಿ ಎಳೆಯುತ್ತಲೇ ಇತ್ತು. ಆಮೇಲೆ ಕಾರ್ಬುರೇಟರನ್ನೆತ್ತಿ ನನ್ನ ಎದೆಗೆ ತಳ್ಳಿದ.

“ತಗೊಂಡು ತೊಲಗು! ಇನ್ನೊಂದ್ಸಲ ಈ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ.”

ಈಗ ಅದು ನನ್ನ ಕಪಾಟಿನಲ್ಲಿದೆ. ದೂಳು ಒಳಹೋಗದಿರಲೆಂದು ಸಂಜೆ ಅದರ ಬಾಯಿಗೆ ಒಣಬಟ್ಟೆ ತುರುಕಿಡುತ್ತೇನೆ. ಬೆಳಿಗ್ಗೆ ನೋಡಿದರೆ ಬಟ್ಟೆ ಪೂರ್ತಿ ಒಳಗೆ ಹೋಗಿರುತ್ತದೆ. ಎಳೆದು ತೆಗೆದಾಗ ಒದ್ದೆಯಾಗಿರುತ್ತದೆ, ಬೆಚ್ಚಗಿರುತ್ತದೆ.