ಬೆರೆತದ್ದನ್ನು ಬಿಡಿಸುವ ನಾದ

ಎರಡು ಸಾವಿರದ ಅರವತ್ತೆಂಟನೆಯ ಇಸವಿ, ಜೂನ್ ಮೂರು. ಕೊಪ್ಪಳದ ಹೊರವಲಯದ ಗಿರಣಿಯಲ್ಲಿ ಶಾಲೆಗಳ ಊಟಕ್ಕೆ ಹೋಗುವ ಇಪ್ಪತ್ತು ಸಾವಿರ ಕಿಲೋ ಜೋಳದ ಹಿಟ್ಟಿಗೆ ಇನ್ನೂರು ಗ್ರಾಂ ಕಬ್ಬಿಣದ ಲವಣ ಬೆರೆಯುತ್ತಿತ್ತು. ಲಕ್ಷಕ್ಕೆ ಒಂದು ಪಾಲು. ಕಲಕುವ ಅಲಗಿಲ್ಲ, ತಿರುಗುವ ಪೀಪಾಯಿಯಿಲ್ಲ. ಉಕ್ಕಿನ ಕಣಜದ ಗೋಡೆಗಳಿಂದ ಹೊರಟ ನಾದವು ಪ್ರತಿಯೊಂದು ಕಣವನ್ನೂ ಅದರ ತೂಕ ಗಾತ್ರಗಳಿಗೆ ಒಪ್ಪುವ ಶ್ರುತಿಯಲ್ಲಿ ಕರೆದು, ಗಾಳಿಯಲ್ಲಿ ಎತ್ತಿ, ಸೇರಬೇಕಾದ ಎಡೆಗೆ ಒಯ್ಯುತ್ತಿತ್ತು. ನಲವತ್ತು ಸೆಕೆಂಡಿನ ಮೇಲೆ ಎಲ್ಲಿಂದ ಒಂದು ಚಮಚ ತೆಗೆದರೂ ಪ್ರಮಾಣ ಒಂದೇ.

ಈ ನಾದಮಿಶ್ರಕವನ್ನು ಕಟ್ಟಿದ ವಿಜ್ಞಾನಿ ನಿಜಗುಣಿ ಕೈ ಒರೆಸಿಕೊಳ್ಳುತ್ತಿದ್ದಾಗ, ಯಂತ್ರ ನಡೆಸುವ ಹಂಪವ್ವ ಬಟ್ಟಲು ಹಿಡಿದು ಬಂದಳು.

"ಮೊದಲ ಹಿಟ್ಟು ಕೊಡ್ರಿ ಸರ, ಆಕಳಿಗೆ ಹಾಕಬೇಕು. ಅದರಾಗ ಕುಂಕುಮ ಕೂಡೇತಿ."

"ಯಾವ ಕುಂಕುಮ?"

"ಹೊಸ ಬೀಸುಕಲ್ಲಿಗೆ ಬೊಗಸಿ ಕುಂಕುಮ ಹಾಕಿ, ಮೊದಲ ಹಿಟ್ಟು ತಗದಿಡೂದು ನಮ್ಮ ಪದ್ಧತಿ. ನಿಮ್ಮ ಮಷಿನ್ನಿಗೂ ದೃಷ್ಟಿ ತಾಕಬಾರದಲ್ರೀ!"

"ಹಂಪವ್ವ, ಇದರಲ್ಲಿ ಮೊದಲ ಹಿಟ್ಟು ಅನ್ನೋದೇ ಇಲ್ಲ."

ಪೊಟ್ಟಣದಲ್ಲಿ ಉಳಿದಿದ್ದ ಕುಂಕುಮವನ್ನು ಪರೀಕ್ಷಿಸಿದಾಗ ಅದು ಸಂತೆಯ ಕಲಬೆರಕೆ ಮಾಲೆಂದು ತಿಳಿಯಿತು: ಅರ್ಧಕ್ಕರ್ಧ ಸೀಸ. ಮಕ್ಕಳ ಬುದ್ಧಿಯನ್ನು ಮೊಳಕೆಯಲ್ಲೇ ಚಿವುಟುವ ಲೋಹ. ಬೊಗಸೆ ಎಂದರೆ ನೂರು ಗ್ರಾಂ. ಇಡೀ ಹಿಟ್ಟಿನಲ್ಲಿ ಸೀಸ ಈಗ ಸಲ್ಲಬಹುದಾದ ಮಿತಿಯ ಹನ್ನೆರಡೂವರೆ ಪಟ್ಟು. ಹಳೆಯ ಯಂತ್ರವಾಗಿದ್ದರೆ ಕೆಂಪು ಒಂದೆಡೆ ನಿಂತಿರುತ್ತಿತ್ತು, ಸೌಟಿನಿಂದ ತೆಗೆಯಬಹುದಿತ್ತು. ಇಲ್ಲಿ ತಪ್ಪೂ ಪರಿಪೂರ್ಣವಾಗಿ ಬೆರೆತಿತ್ತು.

ಹಂಪವ್ವ ಬಟ್ಟಲನ್ನು ಕೆಳಗಿಟ್ಟಳು. "ಚೆಲ್ಲಿಬಿಡ್ರಿ. ನಾಳಿ ಸಾಲ್ಯಾಗ ನನ್ನ ಮೊಮ್ಮಗಳೂ ಉಣ್ಣಾಕಿ."

"ಚೆಲ್ಲಿದರೆ ತಿಂಗಳು ಪೂರ್ತಿ ಯಾವ ಮಗುವಿಗೂ ರೊಟ್ಟಿಯಿಲ್ಲ."

ನಾದವನ್ನು ತಿರುವುಮುರುವಾಗಿ ನುಡಿಸಿದರೆ ಬೆರೆತದ್ದು ಬೇರೆಯಾಗಬೇಕು. ಸೂತ್ರ ಹಾಗೆ ಹೇಳುತ್ತಿತ್ತು. ತುಂಬಿದ ಕಣಜದಲ್ಲಿ ಯಾರೂ ಅದನ್ನು ಮಾಡಿ ನೋಡಿರಲಿಲ್ಲ, ಗೋಡೆಯೇ ಸೀಳಿಹೋಗಬಹುದಿತ್ತು. ನಿಜಗುಣಿ ಗುಂಡಿ ಒತ್ತಿದನು.

ಕಣಜ ನರಳಿತು. ಗಾಜಿನ ಕಿಂಡಿಯೊಳಗೆ ಹಿಟ್ಟಿನ ಬೆಟ್ಟ ಮೇಲೆದ್ದು ನಿಂತಿತು. ಅದರ ಬಿಳುಪಿನಿಂದ ಕೆಂಪು ಎಳೆಯೊಂದು ನೂಲಿನಂತೆ ಹೊರಬಂದು, ತಟ್ಟೆಯಲ್ಲಿ ಸುರುಳಿಯಾಗಿ ಇಳಿಯಿತು. ಲವಣದ ಎಳೆ ಬೇರೆ ಇಳಿಯಿತು. ಹಿಟ್ಟಿನಲ್ಲಿ ಕುಂಕುಮ ಬೆರಳ ತುದಿಯಷ್ಟೂ ಉಳಿಯಲಿಲ್ಲ.

"ಹಂಸ ಹಾಲೂ ನೀರೂ ಬ್ಯಾರೆ ಮಾಡೂದು ಬರೇ ಕೇಳಿದ್ದೆ," ಎಂದು ಹಂಪವ್ವ ಪಿಸುಗುಟ್ಟಿದಳು.

ಆದರೆ ನಾದ ನಿಲ್ಲಲಿಲ್ಲ. ಬೂದು ಬಣ್ಣದ ಇನ್ನೊಂದು ಎಳೆ ಇಳಿಯತೊಡಗಿತು. ನಿಜಗುಣಿ ಅದನ್ನು ಪರೀಕ್ಷಿಸಿ ತೂಗಿದನು: ಕುಂಕುಮದ ಮೂರರಷ್ಟು.

"ಇದನ್ನ ನಾ ಹಾಕಿಲ್ಲರೀ, ಆಣಿ ಮಾಡ್ತೀನಿ!"

"ನೀವು ಹಾಕಿದ್ದಲ್ಲ. ಜೋಳಕ್ಕೆ ಅಂಟಿಕೊಂಡು ಹೊಲದಿಂದ ಬಂದದ್ದು. ಇದೂ ಸೀಸವೇ." ಆ ಹೊಲಗಳ ಪಕ್ಕದಲ್ಲಿ ಹಿಂದೆ ಹಳೆಯ ಬ್ಯಾಟರಿಗಳನ್ನು ಕರಗಿಸುವ ಕುಲುಮೆಯಿತ್ತು. ಕುಲುಮೆ ಆರಿತ್ತು, ಅದರ ಮಸಿ ಮಣ್ಣಿನಲ್ಲಿ ಹಾಗೆಯೇ ಇತ್ತು. ಗಿರಣಿಯಲ್ಲಿ ಕಬ್ಬಿಣವನ್ನಷ್ಟೇ ಅಳೆಯುತ್ತಿದ್ದರು. ಸೀಸವನ್ನೂ ಅಳೆಯಿರೆಂದು ಯಾರೂ ಕೇಳಿರಲಿಲ್ಲ.

ಲವಣವನ್ನು ಮತ್ತೆ ಬೆರೆಸಿದರು. ಶುದ್ಧವಾದ ಹಿಟ್ಟು ಲಾರಿಗೇರಿತು. ಹಂಪವ್ವ ಬೂದು ತಟ್ಟೆಯ ಮುಂದೆಯೇ ಕುಳಿತಿದ್ದಳು.

"ಸಣ್ಣಾಕಿ ಇದ್ದಾಗಿಂದ ಇದೇ ಜ್ವಾಳ ಉಂಡೀನಲ್ರೀ. ಒಳಗ ಹೋದದ್ದು?"

"ಎಲುಬಿಗೆ ಇಳಿದದ್ದನ್ನು ಈ ನಾದ ಕರೆಯಲಾರದು."

"ಹಂಗಾರ ಆ ಋಣ ಯಾರ ತಲಿ ಮ್ಯಾಲ?"

ಕುಲುಮೆ ಉರಿಯುತ್ತಿದ್ದ ಇಸವಿಯನ್ನು ನಿಜಗುಣಿ ಹೇಳಿದನು: ಎರಡು ಸಾವಿರದ ಇಪ್ಪತ್ತಾರು. ಅದನ್ನು ಆರಿಸಬಲ್ಲವರು ಆಗ ಬದುಕಿದ್ದರು. ಹೊಗೆಯನ್ನು ದಿನವೂ ಕಾಣುತ್ತಿದ್ದರು. ಋಣ ಅವರ ಹೆಸರಿನಲ್ಲೇ ಉಳಿಯಿತು.