ಕಮಟು ಹಿಡಿದ ಕ್ರೀಮು

"ನನ್ನ ಕ್ರೀಮು ಕಮಟಾಗೋಕೆ ಸಾಧ್ಯನೇ ಇಲ್ಲ ಅಕ್ಕಾ! ನಾಳೆಯಿಂದ ನನ್ನ ಫಾರ್ಮುಲಾ ಕಸದ ಬುಟ್ಟಿಗೆ, ನಾನು ಮನೆಗೆ!"

ಕ್ರೀಮು ಕಾರ್ಖಾನೆಯ ಕೆಮಿಸ್ಟ್ ಹುಡುಗಿ ನಮ್ಮ ಹೊಸ್ತಿಲಲ್ಲೇ ಅತ್ತುಬಿಟ್ಟಳು. ನನ್ನ ಅತ್ತಿಗೆ ಪತ್ತೇದಾರರು. ನಾನು ಅವರ ಬಾಲ. ಅತ್ತಿಗೆ ಅವಳು ತಂದ ಡಬ್ಬಿ ಮೂಸಿ ಮುಖ ಸಿಂಡರಿಸಿದರು.

"ಏನು ಹಾಕಿದ್ದೆ?"

"ಜೊಜೊಬಾ. ಜನ ಎಣ್ಣೆ ಅಂತಾರೆ, ನಿಜಕ್ಕೂ ಅದು ದ್ರವ ಮೇಣ. ವರ್ಷಗಟ್ಟಲೆ ಕೆಡಲ್ಲ. ಹಿಂದೆ ಇಂಥ ಮೇಣಕ್ಕೆ ತಿಮಿಂಗಿಲ ಕೊಲ್ತಿದ್ರು, ಇದು ಒಣನೆಲದ ಗಿಡದ ಬೀಜದ್ದು. ಯಜಮಾನರು ಮತ್ತೆ ಪೆಟ್ರೋಲಿಯಂ ಎಣ್ಣೆಗೇ ಹೋಗ್ತಾರಂತೆ. ಇದಕ್ಕೆ ಜೀವ ತೇದಿದ್ದೀನಿ ಅಕ್ಕಾ."

ಅತ್ತಿಗೆ ಚಪ್ಪಲಿ ಮೆಟ್ಟಿದರು. ಮಾತಿಲ್ಲದೆ ಚಪ್ಪಲಿ ಮೆಟ್ಟಿದರೆಂದರೆ, ಹಿಡಿದ ಪಟ್ಟು ಬಿಡುವವರಲ್ಲ.

ಕಾರ್ಖಾನೆಯ ಕೋಲ್ಡ್ ರೂಮಿನಲ್ಲಿ ಕೊಳವೆಗಳ ಮೇಲೆ ಹಿಮ ಕಟ್ಟಿತ್ತು. ಜೊಜೊಬಾ ಡ್ರಮ್ಮು ಇದ್ದದ್ದೂ ಅಲ್ಲೇ. ಅದು ಬಂದ ದಿನ ಹುಡುಗಿಯೇ ಪರೀಕ್ಷಿಸಿ, ಒಂದು ಬಾಟಲಿಗೆ ಸ್ಯಾಂಪಲ್ ತೆಗೆದು, ಡ್ರಮ್ಮಿಗೆ ತನ್ನ ಸೀಲು ಹಾಕಿದ್ದಳಂತೆ. ಆ ಬಾಟಲಿಯನ್ನು ನಾನು ತಲೆಕೆಳಗು ಮಾಡಿ ನೋಡಿದೆ, ಒಳಗಿನದು ಅಲುಗಲಿಲ್ಲ. ಚಳಿಗೆ ಬೆರಳು ಮರಗಟ್ಟಿ, ಇದ್ದಲ್ಲೇ ಇಟ್ಟೆ.

ಕೋಲ್ಡ್ ರೂಮಿನ ಕೀಲಿ ಸ್ಟೋರಿನ ತಾತನ ಬಳಿ. "ಡ್ರಮ್ಮನ್ನ ಸೀಲು ಸಮೇತ ಕೊಟ್ಟಿದ್ದೀನಮ್ಮಾ," ಎಂದು ಅವರು ಹೇಳಿದರು.

ಯಜಮಾನರ ಪಕ್ಕ ನಿಂತಿದ್ದ, ಖರೀದಿ ನೋಡಿಕೊಳ್ಳುವ ಅವರ ಭಾಮೈದನೂ ತಲೆಯಾಡಿಸಿದ. "ಹೌದು. ಕ್ರೀಮು ಮಾಡಿದ ದಿನ ಈ ಹುಡುಗಿ ರಜೆ. ನಾನೇ ಡ್ರಮ್ಮು ಹೊರಗೆ ತಂದು, ಸೀಲು ಒಡೆದು, ನಿಂತ ಕಾಲಲ್ಲೇ ಸೀದಾ ಕಡಾಯಿಗೆ ಸುರಿದೆ. ಫಾರ್ಮುಲಾನೇ ಸರಿಯಿಲ್ಲ ಭಾವ, ಇನ್ಯಾಕೆ ಸುಮ್ನೆ ವಿಚಾರಣೆ?"

ಅತ್ತಿಗೆ ಎಲ್ಲರನ್ನೂ ಕಡಾಯಿಯ ಸುತ್ತ ನಿಲ್ಲಿಸಿದರು. ಕೋಲ್ಡ್ ರೂಮಿನಿಂದ ಆ ಬಾಟಲಿ ತರಿಸಿ, ಮುಚ್ಚಳ ತೆಗೆದು ಭಾಮೈದನ ಕೈಗಿತ್ತರು.

"ಸುರೀರಿ."

ಅವನು ಬಗ್ಗಿಸಿದ. ಕುಲುಕಿದ. ತಳ ತಟ್ಟಿದ. ಒಂದು ಹನಿಯೂ ಬೀಳಲಿಲ್ಲ.

"ಮೇಣ ಅಲ್ವಾ, ಆ ಚಳಿಗೆ ಗಟ್ಟಿಯಾಗುತ್ತೆ," ಎಂದರು ಅತ್ತಿಗೆ. "ಕಡಾಯಿ ಕೆಲಸದವರು ಡ್ರಮ್ಮನ್ನ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಕರಗಿದ ಮೇಲೇ ಸುರಿಯೋದು. ನೀವು ಕೊಳ್ಳೋರು, ಯಾವತ್ತೂ ಸುರಿದೋರಲ್ಲ. ಜನ ಎಣ್ಣೆ ಅಂತಾರಲ್ಲ, ನೀವೂ ಎಣ್ಣೆ ಅಂತಲೇ ನಂಬಿದ್ರಿ. ಸೀಲು ಗಟ್ಟಿಯಿತ್ತು ಅಂತ ತಾತನೂ ಹೇಳಿದ್ರು, ನೀವೂ ಹೇಳಿದ್ರಿ. ಅಂದ್ಮೇಲೆ ಒಳಗಿದ್ದದ್ದು ಅಸಲಿ ಮೇಣವೇ, ಅದು ಸೀದಾ ಸುರಿಯೋದಲ್ಲ. ನೀವು ಸುರಿದದ್ದು ಬೇರೆ ಯಾವುದೋ ಅಗ್ಗದ ಅಡುಗೆ ಎಣ್ಣೆ. ಕಮಟು ಹಿಡಿದದ್ದು ಅದು. ಅಸಲಿ ಮೇಣ ಯಾರಿಗೆ ಮಾರಿದ್ರಿ?"

ಭಾಮೈದನ ಮುಖ ಬಿಳಿಚಿತು. "ಭಾವ... ಅಕ್ಕನಿಗೆ ಮಾತ್ರ ಹೇಳ್ಬೇಡಿ."

"ಉಂಡ ಮನೆಗೇ ಎರಡು ಬಗೆದೆಯಲ್ಲೋ!" ಎಂದು ಯಜಮಾನರು ಗುಡುಗಿದರು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಅತ್ತಿಗೆ ಕಣ್ಣಲ್ಲೇ ಗದರಿದರು. ತಾತ ಅಲ್ಲಿದ್ದ ಸ್ಟೂಲು ಎಳೆದುಕೊಂಡು ಕುಳಿತರು.

ಯಜಮಾನರು ಹುಡುಗಿಯ ಕಡೆ ತಿರುಗಿದರು.

"ಹೊಸ ಕ್ರೀಮು ಯಾವಾಗ ಶುರು ಮಾಡ್ತೀಯಮ್ಮಾ?"

ಅವಳು ಆಗಲೇ ಬಾಟಲಿಯನ್ನು ಬಿಸಿನೀರಿನ ತೊಟ್ಟಿಗೆ ಇಳಿಸಿದ್ದಳು.

"ಇದು ಕರಗಲಿ, ಸಾರ್," ಎಂದಳು.