ಇಬ್ಬರ ತೂಕಕ್ಕೆ ಬಿಗಿದ ಸ್ಪ್ರಿಂಗ್

ನನಗ, ಈ ಗ್ಯಾನಪ್ಪಗ, ಅರಳು-ಮರಳು ಅನ್ನಾವ್ರು ಸ್ವಲ್ಪ ಬಾಯಿ ಮುಚ್ಚಿ ಈ ವಾಯ್ಸ್ ನೋಟ್ ಕೇಳ್ರಿ. ನಿನ್ನಿ ಏನ್ ಉಂಡೆ ಗೊತ್ತಿಲ್ಲ, ಖರೇ. ಆದ್ರ ನನ್ನ ಗ್ಯಾರೇಜಿನ ಗೋಡಿ ಮ್ಯಾಲಿನ ಅಂಕಿ ಇನ್ನೂ ಕಣ್ಣಾಗ ಅದಾವು. ನಲವತ್ತೆಂಟು, ಅರವತ್ತೆರಡು.

ರೋಣದ ನನ್ನ ಗ್ಯಾರೇಜಿಗೆ ನರಗುಂದದ ಮೇಘಾ ಬಂದದ್ದು ಹೋದ ವರ್ಷ. ಮೆಕ್ಯಾನಿಕಲ್ ಓದಿದವಳು. ಗುಡ್ಡ ಹತ್ತುವ ಬೈಕಿಗೆ ಹಿಂದಿನ ಸಸ್ಪೆನ್ಷನ್, ಅಂದರೆ ಗಾಲಿಯ ಪೆಟ್ಟು ತಡೆಯುವ ಸ್ಪ್ರಿಂಗಿನ ಜೋಡಣೆ, ತಾನೇ ಡಿಸೈನ್ ಮಾಡಿದ್ದಳು. ವೆಲ್ಡಿಂಗಿಗೆ ನನ್ನ ಗ್ಯಾರೇಜಿನ ಹುಡುಗ ದುರಗೇಶ.

“ಸಣ್ಣ ಕಲ್ಲಿಗೆ ಮೆತ್ತಗಿರಬೇಕು. ಗಾಲಿ ಮ್ಯಾಲೆ ಬಂದಂಗ ಬಿಗಿ ಆಕ್ಕೋತ ಹೋಗಬೇಕು,” ಎಂದಳು, ಸ್ಪ್ರಿಂಗಿಗೂ ಗಾಲಿಗೂ ನಡುವಿನ ಲಿಂಕಿನ ರಟ್ಟಿನ ಮಾದರಿ ತೋರಿಸುತ್ತ.

“ಅಂದ್ರ ನಿಮ್ಮಂಗ, ಮೇಡಂ,” ಎಂದ ದುರಗೇಶ.

“ನಾ ಮೊದಲಿಂದನ ಬಿಗಿ. ಸುಮ್ನ ವೆಲ್ಡ್ ಮಾಡು.”

ಅವಳಿಗೆ ಕಾಣದಿರಲೆಂದು ವೆಲ್ಡಿಂಗ್ ಶೀಲ್ಡ್ ಮುಖದ ಮೇಲೆ ಇಳಿಸಿಕೊಂಡು ನಕ್ಕ. ಭುಜ ಕುಣಿಯುವುದನ್ನು ಅವಳು ನೋಡಿಯೇಬಿಟ್ಟಳು.

ಸ್ಪ್ರಿಂಗ್ ಬಿಗಿಯುವುದು ಓಡಿಸುವವರ ತೂಕ ನೋಡಿ. ಬೈಕು ಮೇಘಾಳದು, ಅವಳ ತೂಕ ನಲವತ್ತೆಂಟು ಕೇಜಿ ಅಂತ ಗೋಡೆಯ ಮೇಲೆ ಬರೆದಿತ್ತು. ಈ ಹುಚ್ಚ ಅವಳಿಲ್ಲದಾಗ ಅದರ ಪಕ್ಕ ತನ್ನ ಅರವತ್ತೆರಡನ್ನೂ ಚಾಕ್‌ಪೀಸಿನಲ್ಲಿ ಬರೆದು, ಇಬ್ಬರಿಗೂ ಕೂಡಿಸಿ ಬಿಗಿದುಬಿಟ್ಟ!

ಒಬ್ಬಳ ತೂಕಕ್ಕೆ ಸ್ಪ್ರಿಂಗ್ ಜಗ್ಗಲಿಲ್ಲ; ಗಜೇಂದ್ರಗಡದ ಗುಡ್ಡದಲ್ಲಿ ಬೈಕು ಪುಟಿದು ಅವಳನ್ನು ಎತ್ತಿ ಒಗೆಯಿತು. ಮೊಣಕೈ ಕೆತ್ತಿ ರಕ್ತ. ವಾಪಸ್ ಬಂದವಳು ಗ್ಯಾರೇಜಿನ ಹೊರಗೇ ನಿಂತು ಕೇಳಿದಳು.

“ಯಾರ ತೂಕಕ್ಕ ಬಿಗದೀಯೋ ಇದನ್ನ?”

ದುರಗೇಶ ನೆಲ ನೋಡಿದ. “ತಪ್ಪಾತ್ರಿ.”

“ತಪ್ಪಲ್ಲ. ಹುಡುಗಿ ಮಾಡಿದ ಡಿಸೈನ್ ಅಂತ ಸಸಾರ ನಿನಗ.”

ನನಗೆ ಎಲ್ಲ ಗೊತ್ತಿತ್ತು. ಹುಡುಗನೇ ಹೇಳಲಿ ಎಂದು ಸುಮ್ಮನೆ ನಿಂತೆ. ಬೈಕು ನನ್ನಲ್ಲೇ ಬಿಟ್ಟು ಅವಳು ನರಗುಂದದ ಬಸ್ಸು ಹತ್ತಿದಳು.

ಎರಡು ತಿಂಗಳ ಮೇಲೆ ಬಂದಳು. ಬೈಕು ಒಯ್ಯಲಿಕ್ಕಲ್ಲ, ತನ್ನ ಲಗ್ನದ ಕಾರ್ಡ್ ಕೊಡಲಿಕ್ಕೆ. ಆಗ ಗೋಡೆ ಕಂಡಳು. ಆ ಎರಡು ಅಂಕಿಗಳನ್ನು ಬಾಯಲ್ಲೇ ಕೂಡಿಸಿದಳು, ನೂರಾ ಹತ್ತು.

“ಅವತ್ತ ಕೇಳಿದ್ನಲ್ಲೋ, ದುರಗೇಶ…”

“ಬಾಯಿ ಬರಲಿಲ್ರಿ.”

ದುಪಟ್ಟಾದ ತುದಿಯಿಂದ ತನ್ನ ನಲವತ್ತೆಂಟನ್ನು ತಾನೇ ಒರೆಸಿದಳು. ಒರೆಸಿದ ಮೇಲೂ ಕೈ ಅಲ್ಲೇ ಇತ್ತು.

“ಗಾಡಿ ನೀನ ಇಟ್ಕೋ. ಸ್ಪ್ರಿಂಗ್ ಸಡ್ಲ ಮಾಡು. ಒಬ್ಬನ ತೂಕಕ್ಕ.”

ಅವನು ಇವತ್ತಿಗೂ ಸಡಿಲು ಮಾಡಿಲ್ಲ. ಗಜೇಂದ್ರಗಡದ ಕಲ್ಲುಗಳ ಮೇಲೆ ಒಬ್ಬನೇ ಪುಟಿಯುತ್ತ ಹೋಗುತ್ತಾನೆ.

ಬಾಯಿ ಬಿಡಲಾರದ ಹುಡುಗೂರಿಗೆಲ್ಲಾ ಇದನ್ನ ಕಳಸ್ರಿ. ನನ್ನಂಗ ನೋಡ್ಕೋತ ನಿಂತ ಮುದುಕರಿಗೂ ಕಳಸ್ರಿ. ನರಗುಂದಕ್ಕ ಮಾತ್ರ ಬ್ಯಾಡ್ರಿ.